ಎಂಟು ವರ್ಷದ ಮಕ್ಕಳಿಗೆ ಲ್ಯಾಟಿನ್ ಕಲಿಸುವುದು ಹೇಗೆ? ಕನ್ನಡ ಬಲ್ಲವರಿಗೊಂದು ಸಮಗ್ರ ಮಾರ್ಗದರ್ಶಿ

ನನ್ನ ಮೊದಲ ಲ್ಯಾಟಿನ್ ತರಗತಿ ಹನ್ನೆರಡೇ ನಿಮಿಷದಲ್ಲಿ ಕೈತಪ್ಪಿ ಹೋಯಿತು. ಇಂಗ್ಲೆಂಡಿನ ಒಂದು ಪ್ರಾಥಮಿಕ ಶಾಲೆ, ಗುರುವಾರ ಶಾಲೆ ಬಿಟ್ಟ ಮೇಲೆ ನಡೆಯುವ ಕ್ಲಬ್ಬು, ಎಂಟು ಒಂಬತ್ತು ವರ್ಷದ ಹದಿನಾಲ್ಕು ಮಕ್ಕಳು. ಹೈಸ್ಕೂಲಿನಲ್ಲಿ ನನಗೆ ಸಂಸ್ಕೃತ ಕಲಿಸಿದ್ದು 'ರಾಮಃ ರಾಮೌ ರಾಮಾಃ' ಅಂತ. ಹಾಗಾಗಿ ನಾನೂ ಬೋರ್ಡಿನ ಮೇಲೆ 'ಪುಎಲ್ಲ, ಪುಎಲ್ಲಮ್, ಪುಎಲ್ಲೈ' (ಹುಡುಗಿ, ಹುಡುಗಿಯನ್ನು, ಹುಡುಗಿಯ) ಎಂದು ಪಟ್ಟಿ ಬರೆಯತೊಡಗಿದೆ. ತಿರುಗಿ ನೋಡಿದರೆ ಒಬ್ಬ ಮೇಜಿನ ಕೆಳಗಿದ್ದ. ಇಬ್ಬರು ಅವನನ್ನು ಹೊರಗೆ ಎಳೆಯುತ್ತಿದ್ದರು. ಉಳಿದವರು ಗಡಿಯಾರ ನೋಡುತ್ತಿದ್ದರು.

ಆಮೇಲೆ ಗೊತ್ತಾಯಿತು, ಸಣ್ಣ ಮಕ್ಕಳಿಗೆ ಪಟ್ಟಿ ಕೊನೆಗೆ ಬರಬೇಕು. ಮೊದಲು ಕಿವಿ, ಆಮೇಲೆ ಕಥೆ. ಪದದ ಬಾಲ ಬದಲಾಗುವುದನ್ನು ಮಕ್ಕಳೇ ಕಂಡುಹಿಡಿಯಬೇಕು. ಕಲಿಸುವವರು ಕನ್ನಡದವರಾದರೆ ಅರ್ಧ ಕೆಲಸ ಸಲೀಸು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಶುರು ಮಾಡುವ ಮೊದಲು

ಇಂಗ್ಲೆಂಡಿನಲ್ಲಿ 2014ರಿಂದ 7ರಿಂದ 11 ವರ್ಷದ ಮಕ್ಕಳಿಗೆ ಇನ್ನೊಂದು ಭಾಷೆ ಕಲಿಸುವುದು ರಾಷ್ಟ್ರೀಯ ಪಠ್ಯಕ್ರಮದ ಭಾಗ. ಅದು ಫ್ರೆಂಚ್, ಸ್ಪ್ಯಾನಿಷ್ ಆಗಲೇಬೇಕೆಂದಿಲ್ಲ, ಲ್ಯಾಟಿನ್ ಅಥವಾ ಹಳೆಯ ಗ್ರೀಕ್ ಕೂಡ ನಡೆಯುತ್ತದೆ. ಹಳೆಯ ಭಾಷೆ ಆರಿಸಿಕೊಂಡರೆ ಓದಿ ಅರ್ಥ ಮಾಡಿಕೊಳ್ಳುವುದಕ್ಕೆ ಒತ್ತು, ಮಾತು ಅಷ್ಟೊಂದು ಬೇಕಿಲ್ಲ. ರೋಮನ್ನರು ಬ್ರಿಟನ್ನಿಗೆ ಬಂದ ಕಥೆ ಅದೇ ವಯಸ್ಸಿನ ಇತಿಹಾಸದ ಪಾಠದಲ್ಲೂ ಇದೆ. ಶಾಲೆಯ ಮುಖ್ಯಸ್ಥರ ಬಳಿ ಹೋದಾಗ ಈ ಎರಡು ಮಾತು ಹೇಳಿ, ಬಾಗಿಲು ಬೇಗ ತೆರೆಯುತ್ತದೆ. ಸ್ವಯಂಸೇವಕರಾಗಿ ಹೋಗುವವರಿಗೆ ಡಿಬಿಎಸ್ ತಪಾಸಣೆ, ಅಂದರೆ ಹಿಂದೆ ಅಪರಾಧದ ದಾಖಲೆ ಇದೆಯೇ ಎಂದು ನೋಡುವ ಸರ್ಕಾರಿ ತಪಾಸಣೆ, ಕೇಳುತ್ತಾರೆ. ಸ್ವಯಂಸೇವಕರಿಗೆ ಅದಕ್ಕೆ ಶುಲ್ಕವಿಲ್ಲ, ಆದರೆ ಸಮಯ ಹಿಡಿಯಬಹುದು. ಬೇಸಿಗೆ ರಜೆಗೆ ಮುಂಚೆಯೇ ಅರ್ಜಿ ಹಾಕಿದರೆ ಸೆಪ್ಟೆಂಬರಿಗೆ ಶುರು ಮಾಡಬಹುದು.

ವಾರಕ್ಕೆ ಅರ್ಧ ಗಂಟೆ ಸಾಕು. ಮೊದಲ 5 ನಿಮಿಷ ನಮಸ್ಕಾರ, ಆಜ್ಞೆಗಳು. 10 ನಿಮಿಷ ಕಥೆ. ಇನ್ನೊಂದು 10 ನಿಮಿಷ ಭಾಷೆಯ ಒಂದೇ ಒಂದು ಅಂಶ. ಉಳಿದದ್ದು ಆಟ. ಮನೆಗೆಲಸ ಕೊಡಬೇಡಿ. ವರ್ಷಕ್ಕೆ ನೂರು ಪದ ಬಂದರೆ ನನ್ನ ಮಟ್ಟಿಗೆ ಅದೇ ದೊಡ್ಡದು.

ನಿಮಗೆ ಲ್ಯಾಟಿನ್ ಪೂರ್ತಿ ಬರಬೇಕಾ? ಬೇಡ. ಮಕ್ಕಳಿಗಿಂತ ಹತ್ತು ಪಾಠ ಮುಂದಿದ್ದರೆ ಆಯಿತು. ಆದರೆ ಗೊತ್ತಿಲ್ಲದ್ದನ್ನು ಕೇಳಿದಾಗ 'ಮುಂದಿನ ವಾರ ಹೇಳ್ತೀನಿ' ಅನ್ನಿ, ಹೇಳಿದ ಹಾಗೆ ಮುಂದಿನ ವಾರ ಹೇಳಿ. ಮಕ್ಕಳು ಮರೆಯುವುದಿಲ್ಲ.

ಉಚ್ಚಾರ: ಟಿಪ್ಪಣಿಯನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ

ಇದು ನಾನು ತಡವಾಗಿ ಕಂಡುಕೊಂಡ ಉಪಾಯ. ಲ್ಯಾಟಿನ್‌ನಲ್ಲಿ ಹ್ರಸ್ವ ದೀರ್ಘಕ್ಕೆ ಬೆಲೆ ಇದೆ. 'ಮಲುಮ್' ಅಂದರೆ ಕೆಟ್ಟದ್ದು, 'ಮಾಲುಮ್' ಅಂದರೆ ಸೇಬು. ರೋಮನ್ ಲಿಪಿಯಲ್ಲಿ ಇದನ್ನು ತೋರಿಸಲು ಅಕ್ಷರದ ತಲೆಯ ಮೇಲೆ ಗೆರೆ ಎಳೆಯಬೇಕು. ನಮಗೆ ಆ ಕಷ್ಟವೇ ಇಲ್ಲ, ಎ ಏ, ಒ ಓ ಎಲ್ಲ ಬೇರೆ ಬೇರೆ ಇವೆ. ಒತ್ತಕ್ಷರವೂ ಹಾಗೇ. 'ಪುಎಲ್ಲ'ದಲ್ಲಿ ಲಕಾರ ನಿಜವಾಗಿ ಎರಡು ಸಲ ಬರಬೇಕು. ಇಂಗ್ಲಿಷ್ ಮಕ್ಕಳು ಒಂದೇ ಸಲ ಹೇಳುತ್ತಾರೆ, ನಾವು ತಪ್ಪುವುದೇ ಇಲ್ಲ.

ಹಳೆಯ ರೋಮನ್ನರ ತ, ದ ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವಂಥವು. ಇಂಗ್ಲಿಷರ ಬಾಯಲ್ಲಿ ಅವು ಟ, ಡ ಕಡೆಗೆ ಜಾರುತ್ತವೆ. ಹಾಗಾಗಿ ಸೀಸರನ ಪ್ರಸಿದ್ಧ ಮೂರು ಮಾತು 'ವೇನೀ, ವೀದೀ, ವೀಕೀ'. ಬಂದೆ, ಕಂಡೆ, ಗೆದ್ದೆ. ಕನ್ನಡದಲ್ಲೂ ಮೂರೇ ಪದ, ಇಂಗ್ಲಿಷಿಗೆ 'ನಾನು' ಮೂರು ಸಲ ಬೇಕು. ಸಿ ಅಕ್ಷರ ಯಾವಾಗಲೂ 'ಕ'. ರೋಮನ್ ಲಿಪಿಯ ಎ (a) ಮತ್ತು ಇ (e) ಒಟ್ಟಿಗೆ ಬಂದರೆ 'ಐ'. ಸೀಸರ್ ತನ್ನನ್ನು ಕರೆದುಕೊಂಡದ್ದು 'ಕೈಸರ್' ಅಂತ. ಜರ್ಮನಿಯ ಚಕ್ರವರ್ತಿಗೆ ಕೈಸರ್ ಎಂಬ ಬಿರುದು ಬಂದದ್ದು ಅಲ್ಲಿಂದಲೇ. ವಿ ಅಕ್ಷರವನ್ನು ತುಟಿ ದುಂಡಗೆ ಮಾಡಿ ಹೇಳಿ, ನಮ್ಮ 'ವ' ಹತ್ತಿರ ಹತ್ತಿರ ಸರಿಹೋಗುತ್ತದೆ.

ಚರ್ಚಿನ ಲ್ಯಾಟಿನ್‌ನಲ್ಲಿ ಇದೇ 'ವೀಕೀ' 'ವೀಚೀ' ಆಗುತ್ತದೆ. ಎರಡೂ ತಪ್ಪಲ್ಲ. ಬ್ರಿಟನ್ನಿನ ಶಾಲೆಗಳಲ್ಲಿ ಹಳೆಯದೇ ಹೆಚ್ಚು. ಒಂದನ್ನು ಹಿಡಿದುಕೊಂಡು ಅದರಲ್ಲೇ ಇರಿ.

ಮೊದಲ ನಾಲ್ಕು ವಾರ: ಪುಸ್ತಕ ತೆರೆಯಬೇಡಿ

ಬಾಗಿಲಲ್ಲಿ ನಿಂತು ಪ್ರತಿ ಮಗುವಿಗೂ 'ಸಲ್ವೇ' ಅನ್ನಿ. ಎಲ್ಲರೂ ಕೂತ ಮೇಲೆ 'ಸಲ್ವೇತೆ'. ಒಬ್ಬರಿಗೆ ಒಂದು, ಹಲವರಿಗೆ ಇನ್ನೊಂದು. ಬಾ, ಬನ್ನಿ ಇದ್ದ ಹಾಗೆ. ಆದರೆ ನಮ್ಮ ಮಕ್ಕಳಿಗೆ ಒಂದು ಎಚ್ಚರಿಕೆ ಕೊಡಬೇಕು: ಲ್ಯಾಟಿನ್ ಬಹುವಚನದಲ್ಲಿ ಗೌರವ ಇಲ್ಲ. ಟೀಚರಿಗೂ 'ಸಲ್ವೇ, ಮಗಿಸ್ತ್ರ' ಎಂದೇ ಹೇಳಬೇಕು. ಮನೆಯಲ್ಲಿ ಕನ್ನಡ ಮಾತಾಡುವ ಹುಡುಗಿಯೊಬ್ಬಳಿಗೆ ಇದು ಎಷ್ಟು ಮುಜುಗರ ತಂದಿತು ಅಂದರೆ, ತಿಂಗಳುಗಟ್ಟಲೆ ನನಗೊಬ್ಬಳಿಗೇ 'ಸಲ್ವೇತೆ' ಅನ್ನುತ್ತಿದ್ದಳು.

ಆಮೇಲೆ ಆಜ್ಞೆಗಳು. ಸುರ್ಗಿತೆ, ಏಳಿ. ಸೆದೇತೆ, ಕೂತಿರಿ. ಅಂಬುಲಾತೆ, ನಡೆಯಿರಿ. ಸಲ್ತಾತೆ, ಕುಣಿಯಿರಿ. ತಕೇತೆ, ಸುಮ್ನಿರಿ. ಕೊನೆಯದು ನಿಮಗೆ ಜಾಸ್ತಿ ಬೇಕಾಗುತ್ತದೆ. 'ಕೈಸರ್ ಯುಬೆತ್', ಅಂದರೆ ಸೀಸರನ ಅಪ್ಪಣೆ, ಎಂದು ಮೊದಲು ಹೇಳಿದರೆ ಮಾತ್ರ ಮಾಡಬೇಕು. ಹೇಳದೆ ಇದ್ದಾಗ ಮಾಡಿದವರು ಔಟು.

ನನ್ನ ಕ್ಲಬ್ಬಿನಲ್ಲಿ ಎಲ್ಲಕ್ಕಿಂತ ಹಿಟ್ ಆದ ಆಟ ನಮ್ಮೂರಿನ ಕೆರೆ ದಡ. ನೆಲದ ಮೇಲೆ ಒಂದು ಗೆರೆ ಎಳೆಯಿರಿ. ಒಂದು ಕಡೆ ಅಕ್ವ, ನೀರು. ಇನ್ನೊಂದು ಕಡೆ ತೆರ್ರ, ನೆಲ. 'ಇನ್ ಅಕ್ವಮ್!' ಎಂದು ಕೂಗಿದರೆ ನೀರಿಗೆ ಹಾರಬೇಕು. 'ಇನ್ ತೆರ್ರಮ್!' ಎಂದರೆ ದಡಕ್ಕೆ. ಇಲ್ಲೊಂದು ಒಳಗುಟ್ಟಿದೆ. ಅಕ್ವ ಯಾಕೆ ಅಕ್ವಮ್ ಆಯಿತು ಅಂತ ನೀವು ಹೇಳಬೇಡಿ. ಸುಮ್ನೆ ಕೂಗುತ್ತಾ ಇರಿ. ಆರನೇ ವಾರದಲ್ಲಿ ಯಾರಾದರೂ ಕೇಳುತ್ತಾರೆ. ಅಲ್ಲಿಗೆ ದಾರಿ ತೆರೆಯಿತು.

ಗೊತ್ತಿರುವ ಪದಗಳಿಂದ ಹೊರಡಿ

'ನಿಮಗೆಲ್ಲ ಆಗಲೇ ಲ್ಯಾಟಿನ್ ಬರುತ್ತೆ' ಎಂದು ಮಕ್ಕಳಿಗೆ ಹೇಳಿ, ತೋರಿಸಿ. ವಿಡಿಯೊ ಅಂದರೆ ಲ್ಯಾಟಿನ್‌ನಲ್ಲಿ 'ನೋಡುತ್ತೇನೆ'. ಆಡಿಯೊ ಅಂದರೆ 'ಕೇಳುತ್ತೇನೆ'. ಡೇಟಾ ಅಂದರೆ 'ಕೊಟ್ಟವು'. ಪೊರ್ತೋ ಅಂದರೆ ಹೊರುತ್ತೇನೆ, ಅದರಿಂದ ಟ್ರಾನ್ಸ್‌ಪೋರ್ಟು, ಎಕ್ಸ್‌ಪೋರ್ಟು.

ನನ್ನ ಮೆಚ್ಚಿನದು ಬಸ್ಸು. ಮೂಲ ಪದ 'ಓಮ್ನಿಬುಸ್', ಅಂದರೆ ಎಲ್ಲರಿಗೆ. ಅದರಲ್ಲಿ 'ಎಲ್ಲ' ಎಂಬ ಅರ್ಥ ಇರುವುದು 'ಓಮ್ನಿ'ಯಲ್ಲಿ. 'ಬುಸ್' ಬರೀ ವಿಭಕ್ತಿಯ ಬಾಲ, ನಮ್ಮ 'ರಿಗೆ' ಇದ್ದ ಹಾಗೆ. ಜನ ತಲೆ ಕತ್ತರಿಸಿ ಬಾಲ ಉಳಿಸಿಕೊಂಡರು. ನಾವು ದಿನಾ ಮೆಜೆಸ್ಟಿಕ್ಕಿನಲ್ಲಿ ಹತ್ತುವುದು ಒಂದು ಚತುರ್ಥಿ ವಿಭಕ್ತಿಯನ್ನು!

ಇನ್ನು ಸೆಪ್ತೆಮ್, ಒಕ್ತೋ, ನೊವೆಮ್, ದೆಕೆಮ್. ಸಪ್ತ, ಅಷ್ಟ, ನವ, ದಶ ಕೇಳಿದ ಮಗುವಿಗೆ ಇದನ್ನು ಕಲಿಸಬೇಕಾಗಿಯೇ ಇಲ್ಲ. ತಕ್ಷಣ ಪ್ರಶ್ನೆ ಬರುತ್ತದೆ: ಸೆಪ್ಟೆಂಬರ್ ಒಂಬತ್ತನೇ ತಿಂಗಳು, ಹೆಸರಲ್ಲಿ ಏಳು ಯಾಕೆ? ರೋಮನ್ನರ ಹಳೆಯ ವರ್ಷ ಶುರುವಾಗುತ್ತಿದ್ದದ್ದು ಮಾರ್ಚಿನಲ್ಲಿ. ನಮ್ಮ ಯುಗಾದಿಯ ಆಸುಪಾಸು ಅನ್ನಿ.

ಮಾತೆರ್, ಪತೆರ್, ಫ್ರಾತೆರ್ ಕೇಳಿದರೆ ಮಾತೃ, ಪಿತೃ, ಭ್ರಾತೃ ನೆನಪಾಗುತ್ತವೆ. ಇಗ್ನಿಸ್ ಅಗ್ನಿ. ಮೂಸ್ ಅಂದರೆ ಇಲಿ, ಗಣಪತಿಯ ಮೂಷಕ. ಇಷ್ಟು ಕಂಡ ಕೂಡಲೇ 'ನೋಡಿದ್ರಾ, ಎಲ್ಲ ಸಂಸ್ಕೃತದಿಂದಲೇ ಹೋದದ್ದು' ಎನ್ನುವ ಆಸೆ ಹುಟ್ಟುತ್ತದೆ. ದಯವಿಟ್ಟು ಹೇಳಬೇಡಿ, ಅದು ನಿಜವಲ್ಲ. ಸಂಸ್ಕೃತ, ಲ್ಯಾಟಿನ್ ಎರಡೂ ಅಕ್ಕತಂಗಿಯರು, ಅವರ ತಾಯಿ ಇನ್ನೂ ಹಳೆಯ ಭಾಷೆ. ಕಲ್ಕತ್ತೆಯಲ್ಲಿ ನ್ಯಾಯಾಧೀಶನಾಗಿದ್ದ ವಿಲಿಯಂ ಜೋನ್ಸ್ 1786ರ ಭಾಷಣದಲ್ಲೇ ಈ ಮಾತು ಹೇಳಿದ್ದ. ಕನ್ನಡ ಈ ಮನೆಯದಲ್ಲ, ದ್ರಾವಿಡ ಮನೆಯದು. ಈ ಪದಗಳು ನಮಗೆ ಸಂಸ್ಕೃತದ ಮೂಲಕ ಬಂದವು.

ಕಥೆ ಎಲ್ಲಿಂದ ತರುವುದು?

ವಿಂಡೋಲಾಂಡದಿಂದ. ಇದು ಇಂಗ್ಲೆಂಡಿನ ಉತ್ತರದಲ್ಲಿ, ರೋಮನ್ ಚಕ್ರವರ್ತಿ ಹೇಡ್ರಿಯನ್ ಕಟ್ಟಿಸಿದ ಗೋಡೆಯ ಹತ್ತಿರ ಇದ್ದ ರೋಮನ್ ಸೈನ್ಯದ ಕೋಟೆ. ಗೋಡೆ ಶುರುವಾದದ್ದು ಕ್ರಿ.ಶ. 122ರಲ್ಲಿ, ಕೋಟೆ ಅದಕ್ಕಿಂತ ಹಳೆಯದು. ಅಲ್ಲಿಯ ಕೆಸರಿನಲ್ಲಿ 1973ರಿಂದ ತೆಳ್ಳನೆಯ ಮರದ ಹಾಳೆಗಳು ಸಿಗುತ್ತಿವೆ. ಪೋಸ್ಟ್‌ಕಾರ್ಡಿನಷ್ಟು ದೊಡ್ಡವು, ಮೇಲೆ ಶಾಯಿಯ ಬರಹ. ಗಾಳಿ ತಾಗದ ಒದ್ದೆ ಮಣ್ಣಿನಲ್ಲಿ ಹುದುಗಿದ್ದರಿಂದ ಕೊಳೆಯದೆ ಉಳಿದವು. ಒಂದು ಪತ್ರದಲ್ಲಿ ಯಾರೋ ಯಾರಿಗೋ ಕಾಲುಚೀಲ, ಎರಡು ಜೊತೆ ಚಪ್ಪಲಿ, ಎರಡು ಚಡ್ಡಿ ಕಳಿಸಿದ ಸುದ್ದಿ ಇದೆ. ಚಡ್ಡಿ ಎಂಬ ಪದ ಬಂದ ದಿನ ನಿಮ್ಮ ತರಗತಿ ನಿಮ್ಮ ಕೈಯಲ್ಲಿರುವುದಿಲ್ಲ. ಪರವಾಗಿಲ್ಲ. 'ಸುಬ್ಲಿಗಾರಿಯ' ಎಂಬ ಪದ ಅವರು ಸಾಯುವ ತನಕ ಮರೆಯುವುದಿಲ್ಲ.

ಇನ್ನೊಂದು ಹಾಳೆಯಲ್ಲಿ ಯಾರೋ ವರ್ಜಿಲ್ ಕವಿಯ ಒಂದು ಸಾಲನ್ನು ಅಭ್ಯಾಸಕ್ಕೆ ಬರೆದಿದ್ದಾರೆ, ತಪ್ಪುತಪ್ಪಾಗಿ. ಪಕ್ಕದಲ್ಲಿ 'ಸೆಗ್' ಎಂದಿದೆ. 'ಸೋಮಾರಿ ಕೆಲಸ' ಎಂಬರ್ಥದ ಪದದ ಮೊದಲ ಅಕ್ಷರಗಳಿವು, ಮೇಷ್ಟ್ರು ಹಾಕಿದ ಷರಾ ಇರಬಹುದು ಎಂದು ಪಂಡಿತರು ಊಹಿಸುತ್ತಾರೆ. ಇದನ್ನು ಕೇಳಿ ಮೇಜಿನ ಕೆಳಗಿನ ಹುಡುಗ ಮೊದಲ ಸಲ ಪೂರ್ತಿ ಹೊರಗೆ ಬಂದ.

ಬಾರ್ಬರಾ ಬೆಲ್ 1999ರಲ್ಲಿ ತಂದ 'ಮಿನಿಮಸ್' ಎಂಬ ಶಾಲಾ ಪುಸ್ತಕ ಇದೇ ಕೋಟೆಯ ಒಂದು ಕುಟುಂಬ ಮತ್ತು ಒಂದು ಇಲಿಯ ಸುತ್ತ ಇದೆ. ಬ್ರಿಟನ್ನಿನ ಪ್ರಾಥಮಿಕ ಶಾಲೆಗಳಲ್ಲಿ ಚೆನ್ನಾಗಿ ಗೊತ್ತಿರುವ ಪುಸ್ತಕ. ಸಿಕ್ಕರೆ ಬಳಸಿ. ಸಿಗದಿದ್ದರೆ ನೀವೇ ಐದು ಸಾಲು ಬರೆಯಿರಿ. ನನ್ನದು ಹೀಗಿತ್ತು:

ಹಿಕ್ ಎಸ್ತ್ ಮೂಸ್. ಹೈಕ್ ಎಸ್ತ್ ಫೇಲೇಸ್. ಫೇಲೇಸ್ ದೊರ್ಮಿತ್. ಮೂಸ್ ಕಾಸೆಉಮ್ ವಿದೆತ್. ಫೇಲೇಸ್ ಮೂರೆಮ್ ವಿದೆತ್. ಎಹೆಉ!

ಇದು ಇಲಿ. ಇದು ಬೆಕ್ಕು. ಬೆಕ್ಕು ಮಲಗಿದೆ. ಇಲಿ ಚೀಸನ್ನು ನೋಡುತ್ತದೆ. ಬೆಕ್ಕು ಇಲಿಯನ್ನು ನೋಡುತ್ತದೆ. ಅಯ್ಯೋ!

ಮೊದಲು ಅನುವಾದ ಮಾಡಿಸಬೇಡಿ. ಚಿತ್ರ ಬರೆದು, ನೀವೇ ಬೆಕ್ಕಾಗಿ ಗೊರಕೆ ಹೊಡೆದು ತೋರಿಸಿ. ಮೂರು ಸಲ ಓದಿದ ಮೇಲೆ ಮಕ್ಕಳು ತಾವೇ ಅರ್ಥ ಹೇಳುತ್ತಾರೆ. ಮೂಸ್ ಯಾಕೆ ಮೂರೆಮ್ ಆಯಿತು ಎಂದು ಕೇಳುವ ಚುರುಕು ಮಗು ಇದ್ದೇ ಇರುತ್ತದೆ. ಎರಡು ಸ್ವರಗಳ ಮಧ್ಯೆ ಸಿಕ್ಕಿಕೊಂಡ ಸಕಾರ ಹಳೆಯ ಲ್ಯಾಟಿನ್‌ನಲ್ಲಿ ರಕಾರ ಆಯಿತು. ಅಷ್ಟು ಹೇಳಿದರೆ ಸಾಕು.

ಬಾಲದ ಪಾಠ: ಇಲ್ಲಿ ಅವಸರ ಬೇಡ

ಲ್ಯಾಟಿನ್ ಕಲಿಯುವ ಇಂಗ್ಲಿಷ್ ಮಕ್ಕಳು ಎಡವುವುದು ಇಲ್ಲೇ. ಹಾಗಾಗಿ ಇದಕ್ಕೆ ಆರು ವಾರವಾದರೂ ಇಟ್ಟುಕೊಳ್ಳಿ.

ಮೂರು ದೊಡ್ಡ ಕಾರ್ಡು ಮಾಡಿ: ಪುಎಲ್ಲ, ಲುಪುಮ್, ಸ್ಪೆಕ್ತತ್. ಹುಡುಗಿ, ತೋಳವನ್ನು, ನೋಡುತ್ತಾಳೆ. ಮೂವರು ಮಕ್ಕಳಿಗೆ ಒಂದೊಂದು ಕೊಟ್ಟು ಸಾಲಾಗಿ ನಿಲ್ಲಿಸಿ. ಇನ್ನಿಬ್ಬರು ಹುಡುಗಿಯಾಗಿ, ತೋಳವಾಗಿ ನಟಿಸಲಿ. ಈಗ ಕಾರ್ಡಿನವರು ಜಾಗ ಬದಲಿಸಲಿ: ಲುಪುಮ್ ಪುಎಲ್ಲ ಸ್ಪೆಕ್ತತ್. 'ಈಗ ಯಾರು ಯಾರನ್ನು ನೋಡ್ತಿದ್ದಾರೆ?' ಅಂತ ಕೇಳಿ. ಇಂಗ್ಲಿಷ್ ಮನೆಯ ಮಕ್ಕಳು ಒಟ್ಟಿಗೆ 'ತೋಳ ಹುಡುಗಿಯನ್ನು' ಅನ್ನುತ್ತಾರೆ. ಅವರ ಭಾಷೆಯಲ್ಲಿ ಜಾಗವೇ ಎಲ್ಲ. ಮೊದಲು ಬಂದವನೇ ಕೆಲಸ ಮಾಡುವವನು.

ಕನ್ನಡದ ಮಗುವಿಗೆ 'ತೋಳವನ್ನು ಹುಡುಗಿ ನೋಡುತ್ತಾಳೆ' ಅಂದರೂ ಒಂದೇ, 'ನೋಡುತ್ತಾಳೆ ಹುಡುಗಿ ತೋಳವನ್ನು' ಅಂದರೂ ಒಂದೇ. 'ಅನ್ನು' ಎಲ್ಲಿದೆಯೋ ಅದರ ಮೇಲೆ ಕೆಲಸ ನಡೆಯುತ್ತಿದೆ. ಲ್ಯಾಟಿನ್ನಿನ ಆ ಕೊನೆಯ 'ಮ್' ನಮ್ಮ 'ಅನ್ನು'. ಇಷ್ಟೇ ಗುಟ್ಟು. ಆದರೆ ನೀವಾಗಿ ಹೇಳಬೇಡಿ. ಈಗ ಎರಡನೇ ಕಟ್ಟು ಕಾರ್ಡು ಕೊಡಿ: ಪುಎಲ್ಲಮ್, ಲುಪುಸ್, ಸ್ಪೆಕ್ತತ್. ತೋಳ ಹುಡುಗಿಯ ಕಡೆ ತಿರುಗಬೇಕು. ಏನು ಬದಲಾಯಿತು? ಹುಡುಕಲಿ. ಒಬ್ಬರು ಕೂಗುತ್ತಾರೆ: ಬಾಲ! ಆಗ ಕೆರೆ ದಡದ ಅಕ್ವಮ್ ನೆನಪಿಸಿ.

ಇಂಗ್ಲಿಷ್ ಮಾತ್ರ ಬಲ್ಲ ಮಕ್ಕಳಿಗೆ ಅವರದ್ದೇ 'ಹೀ' ಮತ್ತು 'ಹಿಮ್' ತೋರಿಸಿ. ಅಲ್ಲೂ 'ಮ್' ಇದೆ! ನಂಬಲಾರದೆ ನಗುತ್ತಾರೆ.

ಒಮ್ಮೆ ಇದು ಕೂತರೆ ಕನ್ನಡ ಮನೆಯ ಮಗುವಿಗೆ ಉಳಿದದ್ದು ಒಂದರ ಹಿಂದೆ ಒಂದು ಸಿಗುತ್ತಾ ಹೋಗುತ್ತದೆ. ಪ್ರಶ್ನೆ ಕೇಳಲು ನಾವು ಪದದ ಕೊನೆಗೆ 'ಆ' ಸೇರಿಸುತ್ತೇವೆ, ನೋಡ್ತಾಳಾ ಅಂತ. ಅವರು 'ನೆ' ಸೇರಿಸುತ್ತಾರೆ, ಸ್ಪೆಕ್ತತ್ನೆ. ನಮ್ಮ 'ಊ' ಇದ್ದ ಹಾಗೆ ಅವರಿಗೆ 'ಕ್ವೆ' ಇದೆ. 'ಪುಎಲ್ಲ ಲುಪುಸ್ಕ್ವೆ', ಹುಡುಗಿಯೂ ತೋಳವೂ. ನನಗೆ ಇಬ್ಬರು ತಮ್ಮಂದಿರಿದ್ದಾರೆ ಎನ್ನುವಾಗ ನಾವು 'ನನಗೆ' ಎನ್ನುತ್ತೇವೆ, ಅವರೂ 'ಮಿಹಿ' ಎನ್ನುತ್ತಾರೆ, ಅದೂ 'ನನಗೆ'ಯೇ. ಕತ್ತಿಯಿಂದ ಕಡಿದ, ಊರಿನಿಂದ ಬಂದ, ಎರಡಕ್ಕೂ ನಮ್ಮದು ಒಂದೇ 'ಇಂದ'. ಅವರ ಆರನೇ ವಿಭಕ್ತಿಯೂ ಈ ಎರಡು ಕೆಲಸ ಒಟ್ಟಿಗೆ ಮಾಡುತ್ತದೆ. ಆದರೆ ಅದು ಎರಡನೇ ವರ್ಷದ ಮಾತು. ಮೊದಲ ವರ್ಷಕ್ಕೆ 'ಯಾರು' ಮತ್ತು 'ಯಾರನ್ನು' ಸಾಕು.

ಪಟ್ಟಿ? ಈಗ ಬರೆಯಬಹುದು. ನೀವಲ್ಲ, ಮಕ್ಕಳು. ತಾವು ಕಂಡ ಬಾಲಗಳನ್ನು ಒಂದು ಚಾರ್ಟಿನಲ್ಲಿ ತುಂಬುತ್ತಾ ಹೋಗಲಿ. ಖಾಲಿ ಮನೆಗಳು ಇದ್ದರೆ ಇರಲಿ.

ಎಡವುವ ಜಾಗಗಳು

ಲಿಂಗ. ಮೇಜಿಗೆ ಲ್ಯಾಟಿನ್‌ನಲ್ಲಿ 'ಮೇನ್ಸ', ಅದು ಸ್ತ್ರೀಲಿಂಗ. ಕನ್ನಡದಲ್ಲಿ ಲಿಂಗ ಅರ್ಥದ ಮೇಲೆ ನಿಂತಿದೆ, ಹಾಗಾಗಿ ಇದು ನಮಗೆ ತಮಾಷೆ. ಕಾರಣ ಹುಡುಕಬೇಡಿ, 'ಆ ಪದ ಆ ಗುಂಪಿಗೆ ಸೇರಿದ್ದು' ಅನ್ನಿ, ಮುಂದೆ ಹೋಗಿ.

ಗುಲಾಮಗಿರಿ. ರೋಮನ್ ಮನೆ ಎಂದರೆ ಅಲ್ಲಿ 'ಸೆರ್ವುಸ್' ಇರುತ್ತಾನೆ. ಅವನನ್ನು ನಗುನಗುತ್ತಾ ಅಡುಗೆ ಮಾಡುವ ಆಳಿನ ಹಾಗೆ ತೋರಿಸುವುದು ಸುಲಭ, ಆದರೆ ಸರಿಯಲ್ಲ. ಅವನನ್ನು ದುಡ್ಡು ಕೊಟ್ಟು ಕೊಂಡಿದ್ದರು, ಬಿಟ್ಟು ಹೋಗುವ ಹಾಗಿರಲಿಲ್ಲ. ಒಂಬತ್ತು ವರ್ಷದವರಿಗೆ ಇದು ಅರ್ಥವಾಗುತ್ತದೆ. ಗುಲಾಮರ ಸಂತೆಯ ಆಟ ಮಾತ್ರ ಯಾವತ್ತೂ ಆಡಿಸಬೇಡಿ.

ಪರೀಕ್ಷೆ. ಬೇಡ.

ವರ್ಷದ ಕೊನೆಗೆ: ನಿಜವಾದ ಲ್ಯಾಟಿನ್

ಪಠ್ಯಕ್ಕೆಂದು ಬರೆದ ವಾಕ್ಯಕ್ಕೂ ಯಾರೋ ನಿಜವಾಗಿ ಬರೆದ ವಾಕ್ಯಕ್ಕೂ ಇರುವ ವ್ಯತ್ಯಾಸ ಮಕ್ಕಳಿಗೆ ತಕ್ಷಣ ತಿಳಿಯುತ್ತದೆ. ಜೇಬಿನ ನಾಣ್ಯದಿಂದಲೇ ಶುರು ಮಾಡಿ. ಈಗಿನ ಬ್ರಿಟಿಷ್ ನಾಣ್ಯದ ಮೇಲೆ ಚಾರ್ಲ್ಸ್ ಹೆಸರಿನ ಪಕ್ಕ 'ರೇಕ್ಸ್' ಎಂದಿದೆ. ರೇಕ್ಸ್ ಅಂದರೆ ರಾಜ, ಎರಡೂ ಒಂದೇ ಬೇರಿನವು. ಕರ್ನಾಟಕದಲ್ಲಿ ಮಕ್ಕಳಿಗೆ ಕಲಿಸುತ್ತಿದ್ದರೆ ಚಂದ್ರವಳ್ಳಿಯ ಮಾತೆತ್ತಿ. ಚಿತ್ರದುರ್ಗದ ಪಕ್ಕದ ಆ ಜಾಗದಲ್ಲಿ ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಅಂದರೆ ಲ್ಯಾಟಿನ್ ಅಕ್ಷರ ನಮ್ಮ ಕಡೆಗೆ ಬಂದದ್ದು ಇಂಗ್ಲಿಷರ ಜೊತೆ ಅಲ್ಲ, ಬಹಳ ಮುಂಚೆಯೇ.

ಆಮೇಲೆ ಬಾತ್ ಊರಿನ ಶಾಪದ ಹಾಳೆಗಳು. ಬಿಸಿನೀರಿನ ಬುಗ್ಗೆಯಲ್ಲಿ ಸುಮಾರು 130 ಸೀಸದ ತಗಡುಗಳು ಸಿಕ್ಕಿವೆ. ಕಳ್ಳತನವಾದರೆ ತಗಡಿನ ಮೇಲೆ ಬರೆದು ದೇವಿಗೆ ಒಪ್ಪಿಸುತ್ತಿದ್ದರು. ದೋಕಿಮೆದಿಸ್ ಎಂಬವನು ಎರಡು ಕೈಗವಸು ಕಳೆದುಕೊಂಡು, ಕದ್ದವನ ಬುದ್ಧಿಯೂ ಕಣ್ಣೂ ಹೋಗಲಿ ಎಂದು ಬೇಡಿದ್ದಾನೆ. ಕೈಗವಸಿಗೆ! ನಮ್ಮೂರಲ್ಲಿ ಕಳ್ಳತನವಾದಾಗ ದೇವರಿಗೆ ಮೊರೆ ಇಡುವುದನ್ನು ಕಂಡವರಿಗೆ ಇದು ಹೊಸದಲ್ಲ. ಅಡುಗೆಮನೆಯ ಫಾಯಿಲಿನ ಮೇಲೆ ಮಕ್ಕಳು ಪೆನ್ಸಿಲ್ಲು ಕದ್ದವನಿಗೆ ಶಾಪ ಬರೆಯಲಿ. ಗೆಳೆಯರ ಹೆಸರು ಹಾಕುವಂತಿಲ್ಲ ಎಂದು ಮೊದಲೇ ಹೇಳಿಬಿಡಿ. ನಾನು ಹೇಳಿರಲಿಲ್ಲ, ಆಮೇಲೆ ಇಬ್ಬರು ತಾಯಂದಿರಿಗೆ ಸಮಾಧಾನ ಹೇಳಬೇಕಾಯಿತು.

ಕೊನೆಯ ತರಗತಿಗೆ ವಿಂಡೋಲಾಂಡದ ಹುಟ್ಟುಹಬ್ಬದ ಕರೆಯೋಲೆ ಇಟ್ಟುಕೊಳ್ಳಿ. ಕ್ರಿ.ಶ. 100ರ ಆಸುಪಾಸಿನಲ್ಲಿ ಕ್ಲೌದಿಯ ಸೆವೇರ ಎಂಬವಳು ಗೆಳತಿ ಸುಲ್ಪಿಕಿಯ ಲೆಪಿದಿನಳಿಗೆ ಬರೆದದ್ದು. ಪತ್ರ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಬಹುಪಾಲು ಬೇರೆಯವರು ಬರೆದುಕೊಟ್ಟದ್ದು. ಕೊನೆಯ ಕೆಲವು ಸಾಲು ಮಾತ್ರ ಅವಳ ಸ್ವಂತ ಕೈಬರಹ. ಹೆಂಗಸೊಬ್ಬಳ ಕೈಯ ಲ್ಯಾಟಿನ್ ಬರಹದಲ್ಲಿ ನಮಗೆ ಗೊತ್ತಿರುವ ಅತಿ ಹಳೆಯವುಗಳಲ್ಲಿ ಇದೂ ಒಂದು. ಹಬ್ಬದ ದಿನ ಸೆಪ್ಟೆಂಬರಿನ ಈದೂಸ್‌ಗೆ ಮೂರನೇ ದಿನ. ಈದೂಸ್ ಅಂದರೆ 13. ರೋಮನ್ನರು ಆ ದಿನವನ್ನೂ ಸೇರಿಸಿ ಹಿಂದಕ್ಕೆ ಎಣಿಸುತ್ತಾರೆ: 13, 12, 11. ಮಕ್ಕಳು ಬೆರಳಲ್ಲಿ ಎಣಿಸಿ 11 ಹೇಳಲಿ.

ಆಮೇಲೆ ಅವಳ ಸಾಲು ಬೋರ್ಡಿನ ಮೇಲೆ ಬರೆಯಿರಿ: 'ಸ್ಪೇರಾಬೋ ತೇ, ಸೊರೊರ್. ವಲೇ, ಸೊರೊರ್, ಅನಿಮ ಮೆಯ.' ನಿನ್ನ ದಾರಿ ಕಾಯುತ್ತೇನೆ, ಅಕ್ಕ. ಬರ್ತೀನಿ, ಅಕ್ಕ, ನನ್ನ ಜೀವವೇ. ಮುಂದೆ 'ಕಾರಿಸ್ಸಿಮ' ಎಂಬ ಪದವೂ ಬರುತ್ತದೆ, ತುಂಬ ಪ್ರೀತಿಯವಳೇ ಅಂತ. ಇದರಲ್ಲಿ ಅರ್ಧ ಪದ ಅವರಿಗೆ ಆಗಲೇ ಗೊತ್ತಿರುತ್ತವೆ. ತಾವಾಗಿಯೇ ಓದುತ್ತಾರೆ. ದಪ್ಪ ಕಾಗದವನ್ನು ಹಿಂದಿನ ರಾತ್ರಿ ಚಹಾ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿದರೆ ಮರದ ಬಣ್ಣ ಬರುತ್ತದೆ. ಅದರ ಮೇಲೆ ತಮ್ಮ ಹುಟ್ಟುಹಬ್ಬದ ಕರೆಯೋಲೆ ಬರೆಯಲಿ.

ಬಹುವಚನ ಬಿಡದ ಆ ನಮ್ಮ ಹುಡುಗಿಗೆ ಅಕ್ಕತಂಗಿ ಇಲ್ಲ, ತಮ್ಮ ಇದ್ದಾನೆ. ಅವಳು 'ಸ್ಪೇರಾಬೋ ತೇ, ಫ್ರಾತೆರ್' ಎಂದು ಬದಲಿಸಿಕೊಂಡಳು, ಯಾರೂ ಹೇಳಿಕೊಟ್ಟಿರಲಿಲ್ಲ. 'ಕಾರಿಸ್ಸಿಮ'ವನ್ನು ಮಾತ್ರ ಹಾಗೇ ಬಿಟ್ಟಿದ್ದಳು. ತಮ್ಮನಿಗೆ ಅದು 'ಕಾರಿಸ್ಸಿಮೆ' ಆಗಬೇಕು. ಕೆಂಪು ಪೆನ್ನಿನ ಕಡೆ ಕೈ ಹೋಯಿತು. ಆಮೇಲೆ ಪೆನ್ನನ್ನು ಚೀಲಕ್ಕೆ ಹಾಕಿ, ಅವಳ ಕಾರ್ಡು ಮಡಚಿ ಕಟ್ಟಲು ದಾರ ಕೊಟ್ಟೆ.